ಒಂದೇ ಕೋಡು, ಹಲವು ಪೈಥಾನ್ ಆವೃತ್ತಿ: ಕಂಪೈಲ್ ಆದ ಫೈಲುಗಳನ್ನು ಎಲ್ಲಿ ಇಡಬೇಕು?

ನಮ್ಮ ಕಡೆಯ ಕಚೇರಿಗಳಲ್ಲಿ ಕಂಪ್ಯೂಟರುಗಳಿಗೆಲ್ಲ ಒಂದೇ ವಯಸ್ಸು ಇರುವುದಿಲ್ಲ. ಮೂಡಿಗೆರೆ ಸೀಮೆಯ ತೋಟದ ಕಚೇರಿಯಲ್ಲಿ ರೈಟರ್ ಹಾಜರಿ ಬರೆಯುವ ಯಂತ್ರದಲ್ಲಿ ಇನ್ನೂ ವಿಂಡೋಸ್ 7 ಇರಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದರ ಮೇಲೆ ನಡೆಯುವ ಕೊನೆಯ ಆವೃತ್ತಿ ಎಂದರೆ 3.8. ಚಿಕ್ಕಮಗಳೂರು ಪೇಟೆಯಲ್ಲಿ ಲೆಕ್ಕ ನೋಡುವವರ ಹೊಸ ಲ್ಯಾಪ್‌ಟಾಪಿನಲ್ಲಿ 3.13 ಇರುತ್ತದೆ. ಹಾಸನದ ಕಾಲೇಜು ಲ್ಯಾಬಿಗೆ ಹೋದರೆ ಕೆಲವು ಯಂತ್ರಗಳಲ್ಲಿ ಲಿನಕ್ಸಿನ ಉಬುಂಟು 22.04, ಅಂದರೆ ಪೈಥಾನ್ 3.10, ಪಕ್ಕದ ಸಾಲಿನಲ್ಲಿ ಉಬುಂಟು 24.04, ಅಂದರೆ 3.12. ಕೊಯ್ಲಿನ ತೂಕ, ಇಂಚು ಸೆಂಟುಗಳಲ್ಲಿ ಬರೆದಿಟ್ಟ ಮಳೆ, ವಾರದ ಬಟವಾಡೆ ಇವನ್ನೆಲ್ಲ ಲೆಕ್ಕ ಹಾಕುವ ಒಂದೇ ಪ್ರೋಗ್ರಾಂ ಈ ಎಲ್ಲ ಕಡೆಯೂ ನಡೆಯಬೇಕು. ಕೋಡನ್ನು ಎಲ್ಲ ಆವೃತ್ತಿಗೂ ಹೊಂದುವಂತೆ ಬರೆಯುವುದು ಒಂದು ಕೆಲಸ. ಆ ಕೋಡಿನಿಂದ ಪೈಥಾನ್ ತಯಾರಿಸಿಕೊಳ್ಳುವ ಕಂಪೈಲ್ ಆದ ಫೈಲುಗಳನ್ನು ಎಲ್ಲಿ, ಹೇಗೆ ಇಡಬೇಕೆಂದು ತೀರ್ಮಾನಿಸುವುದು ಇನ್ನೊಂದು. ಎರಡನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಪ್ರೋಗ್ರಾಂ ತೆರೆದುಕೊಳ್ಳಲು ಪ್ರತಿ ಬೆಳಿಗ್ಗೆ ತಿಣುಕುವುದಕ್ಕೂ, ತಿದ್ದಿದ ಕೋಡು ಜಾರಿಗೆ ಬಾರದಿರುವುದಕ್ಕೂ ಕಾರಣ ಅನೇಕ ಸಲ ಅಲ್ಲೇ ಇರುತ್ತದೆ.

ಆಯ್ಕೆಗಳು ನಾಲ್ಕೈದು ಇವೆ. ‘ಯಾವುದು ವೇಗ’ ಎಂದು ಕೇಳಿಕೊಂಡರೆ ಅವುಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಕೋಡು ಇರುವ ಫೋಲ್ಡರಿಗೆ ಬರೆಯುವ ಅಧಿಕಾರ ಯಾರಿಗಿದೆ? ಮೂಲ ಕೋಡು ಬದಲಾಗಿದೆ ಎಂಬುದು ಪೈಥಾನ್‌ಗೆ ಹೇಗೆ ಗೊತ್ತಾಗುತ್ತದೆ? ಈ ಎರಡಕ್ಕೆ ನಿಮ್ಮ ಉತ್ತರ ಸ್ಪಷ್ಟವಾದರೆ ಆಯ್ಕೆ ತಾನಾಗಿಯೇ ಆಗುತ್ತದೆ.

ಉಳಿಸಿಡುವುದು ಏನನ್ನು?

ಪೈಥಾನ್ ಒಂದು ಮಾಡ್ಯೂಲನ್ನು (ಬೇರೆ ಫೈಲಿನಲ್ಲಿರುವ ಕೋಡಿನ ಭಾಗವನ್ನು) ಇಂಪೋರ್ಟ್ ಮಾಡುವಾಗ, ಅಂದರೆ ಕರೆಸಿಕೊಳ್ಳುವಾಗ, ಮೂಲ ಕೋಡನ್ನು ಓದಿ ತಾನು ನೇರವಾಗಿ ನಡೆಸಬಲ್ಲ ಬೈಟ್‌ಕೋಡಿಗೆ ಇಳಿಸುತ್ತದೆ. ಕಂಪೈಲ್ ಎಂದರೆ ಇದೇ. ಪ್ರತಿ ಸಲ ಈ ಶ್ರಮ ಬೇಡವೆಂದು ಆ ಬೈಟ್‌ಕೋಡನ್ನು ಪಿವೈಸಿ ಫೈಲಾಗಿ ಬರೆದಿಡುತ್ತದೆ. ಇದರಿಂದ ಉಳಿಯುವುದು ಪ್ರೋಗ್ರಾಂ ತೆರೆಯುವ ಹೊತ್ತು ಮಾತ್ರ. ತೆರೆದ ಮೇಲೆ ಲೆಕ್ಕ ಬೇಗ ಆಗುವುದಿಲ್ಲ. ಇನ್ನೊಂದು ವಿಷಯ, ನೀವು ನೇರವಾಗಿ ನಡೆಸುವ ಮೊದಲ ಫೈಲಿನ ಬೈಟ್‌ಕೋಡ್ ಎಲ್ಲೂ ಉಳಿಯುವುದಿಲ್ಲ, ಇಂಪೋರ್ಟ್ ಆದ ಮಾಡ್ಯೂಲುಗಳದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಸಾವಿರಾರು ಸಾಲುಗಳನ್ನು ಒಂದೇ ಫೈಲಿನಲ್ಲಿ ತುಂಬಿ ಅದನ್ನೇ ಡಬಲ್ ಕ್ಲಿಕ್ ಮಾಡುವವರಿಗೆ ಮುಂದೆ ಹೇಳುವ ಯಾವ ವಿಧಾನವೂ ಉಪಯೋಗಕ್ಕೆ ಬಾರದು. ಮೊದಲ ಫೈಲಿನಲ್ಲಿ ಎರಡು ಮೂರು ಸಾಲು ಇಟ್ಟು ಉಳಿದದ್ದನ್ನು ಮಾಡ್ಯೂಲುಗಳಿಗೆ ಸರಿಸಿ, ಆಮೇಲೆ ಈ ಬರಹಕ್ಕೆ ಮರಳಿ ಬನ್ನಿ.

ಬೈಟ್‌ಕೋಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 3.10 ಬರೆದದ್ದನ್ನು 3.12 ಓದಲಾರದು, 3.12 ಬರೆದದ್ದು 3.10ಕ್ಕೆ ಆಗದು. ಇದನ್ನು ಗುರುತಿಸಲು ಪ್ರತಿ ಪಿವೈಸಿ ಫೈಲಿನ ಮೊದಲ ನಾಲ್ಕು ಬೈಟುಗಳಲ್ಲಿ ಮ್ಯಾಜಿಕ್ ಸಂಖ್ಯೆ ಇರುತ್ತದೆ. 3.8ಕ್ಕೆ ಅದು 3413, 3.10ಕ್ಕೆ 3439, 3.12ಕ್ಕೆ 3531. ಅದೇ ಹೊತ್ತಿಗೆ ಬೈಟ್‌ಕೋಡಿಗೆ ಯಂತ್ರದ ಹಂಗಿಲ್ಲ. ಇಂಟೆಲ್ ಯಂತ್ರದಲ್ಲಿ ಲಿನಕ್ಸ್ ಮೇಲೆ 3.8 ತಯಾರಿಸಿದ ಪಿವೈಸಿಯನ್ನು ವಿಂಡೋಸಿನ 3.8 ಓದುತ್ತದೆ, ರಾಸ್ಪ್‌ಬೆರಿ ಪೈ ಮೇಲಿನ 3.8 ಕೂಡ ಓದುತ್ತದೆ. ಹಾಸನದಲ್ಲಿ ಕುಳಿತು ತೋಟದ ಯಂತ್ರಕ್ಕೆ ಬೇಕಾದುದನ್ನು ಸಿದ್ಧಪಡಿಸಿ ಕಳಿಸಲು ಸಾಧ್ಯವಾಗುವುದು ಇದರಿಂದಲೇ.

ಮೂಲದ ಪಕ್ಕದಲ್ಲೇ ಇಡುವುದು

ಏನೂ ಮಾಡದೆ ಬಿಟ್ಟರೆ ಪೈಥಾನ್ ಅನುಸರಿಸುವ ಕ್ರಮ ಇದು. ಮೂಲ ಫೈಲು ಇರುವ ಫೋಲ್ಡರಿನಲ್ಲೇ ‘ಪೈಕ್ಯಾಶ್’ ಎಂಬ ಒಳಫೋಲ್ಡರ್ ಮಾಡಿಕೊಂಡು (ಹೆಸರಿನ ಹಿಂದೆ ಮುಂದೆ ಎರಡೆರಡು ಅಡಿಗೆರೆ ಇರುತ್ತವೆ) ಪಿವೈಸಿ ಫೈಲುಗಳನ್ನು ಅದರಲ್ಲಿ ಇಡುತ್ತದೆ. ಹೆಸರಿನ ನಡುವೆ ಆವೃತ್ತಿಯ ಗುರುತು ಸೇರುತ್ತದೆ. ‘ಬಟವಾಡೆ’ ಎಂಬ ಮಾಡ್ಯೂಲನ್ನು ಎರಡು ಆವೃತ್ತಿಗಳಲ್ಲಿ ನಡೆಸಿದರೆ ‘ಬಟವಾಡೆ.ಸಿಪೈಥಾನ್-310.ಪಿವೈಸಿ’, ‘ಬಟವಾಡೆ.ಸಿಪೈಥಾನ್-312.ಪಿವೈಸಿ’ ಎಂದು ಎರಡು ಫೈಲು ಸಿಗುತ್ತವೆ. ‘ಸಿಪೈಥಾನ್’ ಎಂದರೆ ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್. ಪೈಪೈ ಎಂಬ ಬೇರೊಂದು ತಯಾರಿಕೆಯ ಪೈಥಾನ್ ಬಳಸಿದರೆ ಅದರದೇ ಗುರುತಿನ ಮೂರನೆಯದು. ಕಾಫಿ ಕ್ಯೂರಿಂಗ್ ಗೋದಾಮಿನಲ್ಲಿ ಹತ್ತು ತೋಟಗಳ ಮೂಟೆ ಒಂದೇ ಸೂರಿನಡಿ ಇದ್ದರೂ ಮೂಟೆಯ ಮೇಲಿನ ಗುರುತಿನಿಂದ ಬೆರೆಯದೆ ಉಳಿಯುವಂತೆ, ಇಲ್ಲಿ ಒಂದು ಆವೃತ್ತಿಯ ಫೈಲು ಇನ್ನೊಂದರದಕ್ಕೆ ಅಡ್ಡ ಬರುವುದಿಲ್ಲ.

ಇದು ಮೊದಲಿನಿಂದ ಹೀಗಿರಲಿಲ್ಲ. 2011ರ ಫೆಬ್ರವರಿಯಲ್ಲಿ ಪೈಥಾನ್ 3.2 ಬರುವ ತನಕ ಪಿವೈಸಿ ಫೈಲು ಮೂಲದ ಪಕ್ಕದಲ್ಲಿ, ಗುರುತಿಲ್ಲದೆ ಇರುತ್ತಿತ್ತು. ಎರಡು ಆವೃತ್ತಿ ಒಂದೇ ಫೋಲ್ಡರನ್ನು ಬಳಸಿದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸಿ ಮತ್ತೆ ಬರೆಯುತ್ತಿತ್ತು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ ಮತ್ತು ಉಬುಂಟು ಇದನ್ನು ತಪ್ಪಿಸಲು ಪ್ರತಿ ಆವೃತ್ತಿಗೂ ಒಂದೊಂದು ಫೋಲ್ಡರ್ ಮಾಡಿ, ಅದರಲ್ಲಿ ಮೂಲ ಫೈಲುಗಳಿಗೆ ಸಾಂಕೇತಿಕ ಕೊಂಡಿಗಳನ್ನು ತುಂಬಿಸಿಡುತ್ತಿದ್ದವು. ಆ ಕಾಲದಲ್ಲಿ ಉಬುಂಟು ತಯಾರಕರ ಬಳಿ ಕೆಲಸ ಮಾಡುತ್ತಿದ್ದ ಬ್ಯಾರಿ ವಾರ್ಸಾ 2009ರ ಡಿಸೆಂಬರಿನಲ್ಲಿ ಬರೆದ, ಪೈಥಾನ್ ಸುಧಾರಣೆಯ ಪ್ರಸ್ತಾವಗಳಲ್ಲಿ 3147ನೆಯದೇ ಇಂದಿನ ಪೈಕ್ಯಾಶ್ ಕ್ರಮಕ್ಕೆ ಮೂಲ. ಅದರಿಂದಾಗಿ ಇವತ್ತು ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಾಗಿ ಬರುವ ಪೈಥಾನ್ ಗ್ರಂಥಾಲಯಗಳ (ಸಿದ್ಧ ಕೋಡಿನ ಸಂಗ್ರಹಗಳ) ಮೂಲ ಫೈಲುಗಳು ಒಂದೇ ಫೋಲ್ಡರಿನಲ್ಲಿದ್ದು, 3ನೇ ಸರಣಿಯ ಎಲ್ಲ ಆವೃತ್ತಿಗಳೂ ಅದನ್ನೇ ಹಂಚಿಕೊಳ್ಳಬಲ್ಲವು.

ಈ ಕ್ರಮದ ಬಲ ಅದರ ಸರಳತೆ. ಮೂಲ ಫೈಲನ್ನು ಅಳಿಸಿದರೆ ಪೈಕ್ಯಾಶಿನಲ್ಲಿ ಉಳಿದ ಪಿವೈಸಿಯನ್ನು ಪೈಥಾನ್ ಕಡೆಗಣಿಸುತ್ತದೆ. ತೆಗೆದುಹಾಕಿದ ಮಾಡ್ಯೂಲು ಭೂತದಂತೆ ಮರಳಿ ಬರುವುದಿಲ್ಲ. ಬರೆಯುವಾಗ ಮೊದಲು ತಾತ್ಕಾಲಿಕ ಫೈಲಿಗೆ ಬರೆದು ಆಮೇಲೆ ಹೆಸರು ಬದಲಿಸುವುದರಿಂದ, ಲ್ಯಾಬಿನಲ್ಲಿ ಮೂವತ್ತು ವಿದ್ಯಾರ್ಥಿಗಳು ಒಟ್ಟಿಗೆ ತೆರೆದರೂ ಯಾರಿಗೂ ಅರೆಬರೆ ಫೈಲು ಸಿಗುವುದಿಲ್ಲ. ದೋಷವೆಂದರೆ ಹಳೆಯ ಗುರುತಿನ ಫೈಲುಗಳನ್ನು ಯಾರೂ ತೆಗೆಯುವುದಿಲ್ಲ. 3.10ರಿಂದ 3.12ಕ್ಕೆ ಹೋದ ಮೇಲೂ 310ರ ಫೈಲುಗಳು ಅಲ್ಲೇ ಬಿದ್ದಿರುತ್ತವೆ. ಅವುಗಳಿಂದ ಹಾನಿ ಇಲ್ಲ, ಆದರೆ ನೆಟ್‌ವರ್ಕಿನ ಮೇಲಿರುವ ವಿದ್ಯಾರ್ಥಿಗಳ ಹೋಂ ಫೋಲ್ಡರಿಗೆ ಜಾಗದ ಮಿತಿ ಹಾಕಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಪೈಕ್ಯಾಶ್ ಫೋಲ್ಡರುಗಳನ್ನು ಪೂರ್ತಿ ಅಳಿಸಿದರೆ ಸಾಕು. ಬೇಕಾದುದನ್ನು ಪೈಥಾನ್ ಮತ್ತೆ ಮಾಡಿಕೊಳ್ಳುತ್ತದೆ.

ಕೋಡು ನಿಮ್ಮದೇ, ಯಂತ್ರ ನಿಮ್ಮದೇ, ಫೋಲ್ಡರಿಗೆ ಬರೆಯುವ ಅಧಿಕಾರವೂ ನಿಮ್ಮದೇ ಆಗಿದ್ದರೆ ಇದನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಅಗತ್ಯವೇ ಇಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುವವರು ಪೈಕ್ಯಾಶನ್ನು ಕಡೆಗಣಿಸುವ ಪಟ್ಟಿಗೆ ಸೇರಿಸಿ, ಅಷ್ಟೇ.

ಮೊದಲೇ ಕಂಪೈಲ್ ಮಾಡಿ ಇಡುವುದು

ಕಷ್ಟ ಶುರುವಾಗುವುದು ಬರೆಯುವ ಅಧಿಕಾರ ಇಲ್ಲದ ಕಡೆ. ವಿಂಡೋಸಿನಲ್ಲಿ ಎಲ್ಲ ಬಳಕೆದಾರರಿಗೆಂದು ಪ್ರೋಗ್ರಾಂ ಫೈಲ್ಸ್ ಒಳಗೆ ಅನುಸ್ಥಾಪಿಸಿದ ಕೋಡು, ಲ್ಯಾಬಿನಲ್ಲಿ ನಿರ್ವಾಹಕರು ಹಾಕಿಟ್ಟ ಹಂಚಿಕೆಯ ಗ್ರಂಥಾಲಯ, ಓದಲು ಮಾತ್ರ ತೆರೆದ ಡಿಸ್ಕ್, ಇಲ್ಲೆಲ್ಲ ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ನಡೆಯುವ ಪೈಥಾನ್ ಪಿವೈಸಿ ಬರೆಯಲಾರದು. ಬರೆಯಲಾಗಲಿಲ್ಲ ಎಂದು ಅದು ದೂರುವುದೂ ಇಲ್ಲ. ಸುಮ್ಮನೆ ಪ್ರತಿ ಸಲ ಮೊದಲಿನಿಂದ ಕಂಪೈಲ್ ಮಾಡುತ್ತದೆ. ತೋಟದ ಕಚೇರಿಯ ಹಳೆಯ ಯಂತ್ರದಲ್ಲಿ ರೈಟರ್ ಬೆಳಿಗ್ಗೆ ಹಾಜರಿ ತೆರೆಯಲು ಕಾಯುತ್ತಾ ನಿಂತಿರುವಾಗ, ಜನ ಸಾಲಿನಲ್ಲಿ ನಿಂತಿರುವಾಗ, ಈ ಮೌನ ದುಬಾರಿಯಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಯಂತ್ರ ಮತ್ತೆ ಮತ್ತೆ ಶುರುವಾಗುವ ದಿನಗಳಲ್ಲಂತೂ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ, ಅನುಸ್ಥಾಪಿಸುವ ಹೊತ್ತಿನಲ್ಲೇ, ಬರೆಯುವ ಅಧಿಕಾರ ಇರುವವರೇ, ಬೇಕಾದ ಎಲ್ಲ ಆವೃತ್ತಿಗಳಿಗೂ ಪಿವೈಸಿ ಮಾಡಿಟ್ಟುಬಿಡುವುದು. ಪೈಥಾನ್ ಜೊತೆಗೇ ಬರುವ ‘ಕಂಪೈಲ್‌ಆಲ್’ ಮಾಡ್ಯೂಲು ಇದಕ್ಕಾಗಿಯೇ ಇದೆ. ಒಂದು ಆವೃತ್ತಿ ತನ್ನ ಬೈಟ್‌ಕೋಡನ್ನು ಮಾತ್ರ ತಯಾರಿಸಬಲ್ಲದು, ಆದ್ದರಿಂದ 3.8ರಿಂದ ಒಮ್ಮೆ, 3.10ರಿಂದ ಒಮ್ಮೆ, 3.12ರಿಂದ ಒಮ್ಮೆ ಎಂದು ಅದೇ ಫೋಲ್ಡರಿನ ಮೇಲೆ ಸರದಿಯಂತೆ ಓಡಿಸಬೇಕು. ಎಲ್ಲವೂ ಒಂದೇ ಪೈಕ್ಯಾಶಿನಲ್ಲಿ ಗುರುತಿನೊಡನೆ ಕೂಡುತ್ತವೆ. ಡೆಬಿಯನ್ ಕುಟುಂಬ ತನ್ನ ಪ್ಯಾಕೇಜುಗಳಿಗೆ ಮಾಡುವುದೂ ಇದನ್ನೇ: ಅನುಸ್ಥಾಪನೆಯ ಕೊನೆಯಲ್ಲಿ ಕಂಪೈಲ್, ತೆಗೆಯುವಾಗ ಸ್ವಚ್ಛ. ಪೈಥಾನ್ ಗ್ರಂಥಾಲಯಗಳನ್ನು ಹಾಕಿಕೊಡುವ ಪಿಪ್ ಎಂಬ ಉಪಕರಣವೂ ಅನುಸ್ಥಾಪಿಸಿದ ಕೂಡಲೇ ಕಂಪೈಲ್ ಮಾಡುತ್ತದೆ. ಅದೇ ಕೆಲಸಕ್ಕೆ ಈಚೆಗೆ ಜನಪ್ರಿಯವಾಗಿರುವ ಯುವಿ ಮಾತ್ರ ತಾನಾಗಿ ಮಾಡುವುದಿಲ್ಲ, ಕೇಳಿದರೆ ಮಾಡುತ್ತದೆ. ಪಿಪ್ ಬಿಟ್ಟು ಯುವಿಗೆ ಬಂದವರು ಹಂಚಿಕೆಯ ಯಂತ್ರದಲ್ಲಿ ಈ ಆಯ್ಕೆಯನ್ನು ಮರೆತರೆ ‘ಹೊಸ ಉಪಕರಣ ನಿಧಾನ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ವಿಂಡೋಸಿನಲ್ಲಿ ಪೈಥಾನ್ ಅನುಸ್ಥಾಪಿಸುವಾಗ ಮುಂದುವರಿದ ಆಯ್ಕೆಗಳ ಪುಟದಲ್ಲಿ ಪ್ರಮಾಣಿತ ಗ್ರಂಥಾಲಯವನ್ನು ಮೊದಲೇ ಕಂಪೈಲ್ ಮಾಡುವ ಚೌಕವೊಂದಿದೆ. ಎಲ್ಲ ಬಳಕೆದಾರರಿಗೆ ಹಾಕುವುದಾದರೆ ಅದಕ್ಕೆ ಗುರುತು ಹಾಕಿ. ನಿಮ್ಮ ಕೋಡಿಗಿಂತ ಆ ಗ್ರಂಥಾಲಯವೇ ದೊಡ್ಡದು.

ಇಷ್ಟು ಮಾಡಿದರೂ ಪಿವೈಸಿಗಳು ವ್ಯರ್ಥವಾಗುವ ಒಂದು ದಾರಿ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮ ಕಡೆ ಅದು ಸಾಮಾನ್ಯ.

ಪಿವೈಸಿ ಇನ್ನೂ ಸರಿಯಾಗಿದೆಯೇ ಎಂದು ತಿಳಿಯಲು ಪೈಥಾನ್ ಅದರ ತಲೆಬರಹವನ್ನು ನೋಡುತ್ತದೆ. ಈಗಿನ ತಲೆಬರಹ 16 ಬೈಟು. ಮ್ಯಾಜಿಕ್ ಸಂಖ್ಯೆ ನಾಲ್ಕು, ವಿಧ ಹೇಳುವ ಸೂಚನೆ ನಾಲ್ಕು, ಉಳಿದ ಎಂಟರಲ್ಲಿ ಸಾಮಾನ್ಯವಾಗಿ ಮೂಲ ಫೈಲು ಬದಲಾದ ಸಮಯ ಮತ್ತು ಅದರ ಗಾತ್ರ. ಇವೆರಡೂ ಡಿಸ್ಕಿನಲ್ಲಿರುವ ಮೂಲ ಫೈಲಿಗೆ ತಾಳೆಯಾಗಬೇಕು. ‘ಮೂಲಕ್ಕಿಂತ ಹೊಸದಾಗಿದ್ದರೆ ಸಾಕು’ ಎಂಬ ಹೋಲಿಕೆ ಅಲ್ಲ ಇದು. ಸೆಕೆಂಡಿಗೆ ಸೆಕೆಂಡು ಸಮ ಇರಬೇಕು. ಹೀಗಾಗಿ ಹಳೆಯ ಯಂತ್ರದ ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದರೂ ಇಲ್ಲಿ ತೊಂದರೆಯಿಲ್ಲ.

ತೊಂದರೆ ಪೆನ್‌ಡ್ರೈವಿನಿಂದ ಬರುತ್ತದೆ. ಘಾಟಿಯ ಅಂಚಿನ ತೋಟಗಳಿಗೆ ಇಂಟರ್ನೆಟ್ ನೆಚ್ಚಿಕೊಂಡು ಕೂರಲಾಗದು. ಹೊಸ ಕೋಡು ಪೆನ್‌ಡ್ರೈವಿನಲ್ಲೇ ಹೋಗುತ್ತದೆ. ಹೆಚ್ಚಿನ ಪೆನ್‌ಡ್ರೈವುಗಳಲ್ಲಿರುವ ಫ್ಯಾಟ್32 ಕ್ರಮ ಫೈಲು ಬದಲಾದ ಸಮಯವನ್ನು ಎರಡು ಸೆಕೆಂಡುಗಳ ಮೆಟ್ಟಿಲಿನಲ್ಲಿ ಬರೆಯುತ್ತದೆ, ಅದೂ ಸ್ಥಳೀಯ ಗಡಿಯಾರದಲ್ಲಿ. ಹಾಸನದ ಯಂತ್ರದಲ್ಲಿ ಮೂಲ ಫೈಲಿನ ಸಮಯ ಬೆಸ ಸೆಕೆಂಡಿನಲ್ಲಿದ್ದರೆ ಪೆನ್‌ಡ್ರೈವಿಗೆ ಹೋದಾಗ ಅದು ಒಂದು ಸೆಕೆಂಡು ಸರಿಯುತ್ತದೆ. ಪಿವೈಸಿಯ ತಲೆಬರಹದೊಳಗೆ ಬರೆದ ಸಮಯ ಮಾತ್ರ ಹಳೆಯದೇ. ತಾಳೆ ತಪ್ಪಿತು. ತೋಟದ ಯಂತ್ರದಲ್ಲಿ ಪೈಥಾನ್ ಪಿವೈಸಿಯನ್ನು ಹಳತೆಂದು ತಿರಸ್ಕರಿಸಿ ಮತ್ತೆ ಕಂಪೈಲ್ ಮಾಡುತ್ತದೆ. ಆ ಫೋಲ್ಡರಿಗೆ ಬರೆಯುವ ಅಧಿಕಾರವಿಲ್ಲದಿದ್ದರೆ ಪ್ರತಿದಿನವೂ ಮಾಡುತ್ತದೆ. ಜಿಪ್ ಮಾಡಿ ಕಳಿಸಿದರೂ ಇದೇ ಕಥೆ, ಅದರ ಮೂಲ ಸಮಯ ಕ್ರಮವೂ ಎರಡು ಸೆಕೆಂಡಿನದ್ದು. ಗಿಟ್ ಬಳಸಿದರೆ ಫೈಲಿಗೆ ಸಿಗುವುದು ಅದನ್ನು ಇಳಿಸಿಕೊಂಡ ಹೊತ್ತಿನ ಸಮಯ, ನೀವು ಬರೆದ ಹೊತ್ತಿನದ್ದಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು ತದ್ವಿರುದ್ಧ ಸಂದರ್ಭ. ಕೆಲವು ಪ್ಯಾಕಿಂಗ್ ಉಪಕರಣಗಳು ಎಲ್ಲ ಫೈಲುಗಳಿಗೂ ಒಂದೇ ನಿಗದಿತ ಸಮಯವನ್ನು ಹಚ್ಚುತ್ತವೆ. ಕೊಯ್ಲಿನ ದರ ಕಿಲೋಗೆ 5 ಎಂದಿದ್ದುದನ್ನು 6 ಎಂದು ತಿದ್ದಿದಿರಿ ಎನ್ನಿ. ಫೈಲಿನ ಗಾತ್ರ ಒಂದು ಬೈಟೂ ಬದಲಾಗಿಲ್ಲ. ಸಮಯವೂ ಬದಲಾಗಿಲ್ಲ. ಪೈಥಾನ್ ಹಳೆಯ ಪಿವೈಸಿಯನ್ನೇ ಸರಿಯೆಂದು ಒಪ್ಪುತ್ತದೆ, ಬಟವಾಡೆ ಹಳೆಯ ದರದಲ್ಲೇ ಆಗುತ್ತದೆ. ಪರದೆಯ ಮೇಲೆ ಕೋಡು ತೆರೆದು ನೋಡಿದರೆ 6 ಎಂದೇ ಕಾಣುತ್ತದೆ. ಕೂಲಿಯವರ ಹಣದ ಲೆಕ್ಕದಲ್ಲಿ ಇಂಥ ಅವಕಾಶವನ್ನು ಬಿಡಲೇಬಾರದು ಎಂಬುದು ನನ್ನ ಖಚಿತ ನಿಲುವು.

ಎರಡಕ್ಕೂ ಮದ್ದು 2018ರಲ್ಲಿ ಬಂದ ಪೈಥಾನ್ 3.7ರಲ್ಲಿದೆ. 552ನೇ ಪ್ರಸ್ತಾವದಂತೆ, ತಲೆಬರಹದ ಆ ಎಂಟು ಬೈಟುಗಳಲ್ಲಿ ಸಮಯ ಮತ್ತು ಗಾತ್ರದ ಬದಲು ಮೂಲ ಫೈಲಿನ ಒಳಗಿರುವುದರ ಹ್ಯಾಶ್, ಅಂದರೆ ಅದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ಇಡಬಹುದು. ಇದರಲ್ಲಿ ಎರಡು ಬಗೆ. ‘ಪರಿಶೀಲಿಸುವ’ ಬಗೆಯಲ್ಲಿ ಪೈಥಾನ್ ಪ್ರತಿ ಸಲ ಮೂಲ ಫೈಲನ್ನು ಓದಿ ಹ್ಯಾಶ್ ತೆಗೆದು ತಾಳೆ ನೋಡುತ್ತದೆ. ‘ಪರಿಶೀಲಿಸದ’ ಬಗೆಯಲ್ಲಿ ಪಿವೈಸಿ ಇದ್ದರೆ ಸಾಕು, ಮೂಲದತ್ತ ನೋಡದೆ ನಂಬುತ್ತದೆ. ಕಂಪೈಲ್‌ಆಲ್ ಓಡಿಸುವಾಗ ಯಾವ ಬಗೆ ಬೇಕೆಂದು ಹೇಳಬಹುದು.

ಪೆನ್‌ಡ್ರೈವಿನಲ್ಲಿ ಹೋಗುವ ಕೋಡಿಗೆ ಪರಿಶೀಲಿಸುವ ಬಗೆಯನ್ನೇ ಆರಿಸಿ. ಸಮಯ ಎಷ್ಟು ಸರಿದರೂ ಪಿವೈಸಿ ಊರ್ಜಿತ. ಒಂದು ಅಂಕಿ ಬದಲಾದರೂ ಅನೂರ್ಜಿತ. ಪ್ರತಿ ಸಲ ಮೂಲವನ್ನು ಓದುವ ಖರ್ಚು ಇದೆ, ಆದರೆ ಕಂಪೈಲ್ ಮಾಡುವುದಕ್ಕೆ ಹೋಲಿಸಿದರೆ ಅದು ಸಣ್ಣದು. ಪರಿಶೀಲಿಸದ ಬಗೆ, ಒಮ್ಮೆ ತಯಾರಾದ ಮೇಲೆ ಯಾರೂ ಮುಟ್ಟದ ಕಂಟೇನರ್ ಇಮೇಜುಗಳಿಗೆ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದುದೆಲ್ಲ ಸೇರಿದ ಕಟ್ಟುಗಳಿಗೆ) ಸರಿ. ತೋಟದ ಕಚೇರಿಯಲ್ಲಿ ಯಾರಾದರೊಬ್ಬರು ತುರ್ತಾಗಿ ಒಂದು ಸಾಲು ತಿದ್ದಿಯೇ ತಿದ್ದುತ್ತಾರೆ. ಅಲ್ಲಿ ಇದು ಬೇಡ.

ಬೇರೆ ಜಾಗದಲ್ಲಿ ಪ್ರತ್ಯೇಕ ಮರ

ಪೈಥಾನ್ 3.8ರಿಂದ ಪಿವೈಸಿಗಳನ್ನೆಲ್ಲ ಮೂಲದಿಂದ ದೂರ, ನೀವು ಹೇಳಿದ ಫೋಲ್ಡರಿನ ಕೆಳಗೆ ಇಡಬಹುದು. ‘ಪೈಥಾನ್‌ಪೈಕ್ಯಾಶ್‌ಪ್ರಿಫಿಕ್ಸ್’ ಎಂಬ ಪರಿಸರ ಚರಾಂಶಕ್ಕೆ (ಪ್ರೋಗ್ರಾಂಗಳು ಓದಿಕೊಳ್ಳಲೆಂದು ಯಂತ್ರದಲ್ಲಿ ಇಡುವ ಸೂಚನೆಗೆ) ಆ ಜಾಗದ ಹೆಸರು ಕೊಟ್ಟರೆ, ಮೂಲದ ಫೋಲ್ಡರ್ ರಚನೆಯ ಪ್ರತಿರೂಪ ಅಲ್ಲಿ ಮರದಂತೆ ಕವಲೊಡೆದು ಬೆಳೆಯುತ್ತದೆ. ಆವೃತ್ತಿಯ ಗುರುತು ಅಲ್ಲೂ ಇರುತ್ತದೆ, ಆದ್ದರಿಂದ ಹಲವು ಆವೃತ್ತಿಗಳಿಗೆ ಒಂದೇ ಮರ ಸಾಕು.

ಕಾಲೇಜು ಲ್ಯಾಬಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಹೋಂ ಫೋಲ್ಡರು ನೆಟ್‌ವರ್ಕಿನ ಆಚೆ ಇದ್ದಾಗ ಪಿವೈಸಿಗಳನ್ನು ಯಂತ್ರದ ಸ್ವಂತ ಡಿಸ್ಕಿಗೆ ತಿರುಗಿಸಿದರೆ ವಿದ್ಯಾರ್ಥಿಯ ಜಾಗದ ಮಿತಿಯೂ ಉಳಿಯಿತು, ನೆಟ್‌ವರ್ಕಿನ ಮೇಲಿನ ಭಾರವೂ ಇಳಿಯಿತು. ಮೂಲ ಫೋಲ್ಡರು ಸ್ವಚ್ಛವಾಗಿರುವುದರಿಂದ ವಿದ್ಯಾರ್ಥಿಗಳು ಅಸೈನ್‌ಮೆಂಟ್ ಒಪ್ಪಿಸುವಾಗ ಪೈಕ್ಯಾಶನ್ನೂ ಜಿಪ್ಪಿಗೆ ಸೇರಿಸಿ ಕಳಿಸುವುದು ನಿಲ್ಲುತ್ತದೆ.

ಎರಡು ಎಚ್ಚರಿಕೆ. ಈ ಚರಾಂಶವನ್ನು ಕೊಟ್ಟ ಕೂಡಲೇ ಮೂಲದ ಪಕ್ಕದಲ್ಲಿರುವ ಪೈಕ್ಯಾಶನ್ನು ಪೈಥಾನ್ ಓದುವುದನ್ನೂ ಬಿಡುತ್ತದೆ. ಅಂದರೆ ನಿರ್ವಾಹಕರು ಕಷ್ಟಪಟ್ಟು ಮೊದಲೇ ಕಂಪೈಲ್ ಮಾಡಿಟ್ಟದ್ದು, ಪ್ರಮಾಣಿತ ಗ್ರಂಥಾಲಯದ್ದೂ ಸೇರಿ, ಆ ಬಳಕೆದಾರರಿಗೆ ಇಲ್ಲದಂತೆಯೇ. ಮೊದಲ ಸಲ ಎಲ್ಲವೂ ಹೊಸ ಜಾಗದಲ್ಲಿ ಮತ್ತೆ ತಯಾರಾಗಬೇಕು. ಹಿಂದಿನ ವಿಧಾನವನ್ನೂ ಇದನ್ನೂ ಒಟ್ಟಿಗೆ ಬಳಸಿ ಎರಡರ ಲಾಭವನ್ನೂ ಪಡೆಯುತ್ತೇನೆಂದು ಹೊರಟರೆ ಕೈಗೆ ಸಿಗುವುದು ಒಂದರದ್ದು ಮಾತ್ರ.

ಎರಡನೆಯದು ಭದ್ರತೆಯ ಮಾತು. ಈ ಮರವನ್ನು ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಫೋಲ್ಡರಿನಲ್ಲಿ ಎಂದಿಗೂ ಇಡಬೇಡಿ. ಪಿವೈಸಿ ಎಂದರೆ ನಡೆಯುವ ಕೋಡು. ಪಕ್ಕದವನು ಅಲ್ಲಿ ತನ್ನ ಪಿವೈಸಿ ಇಟ್ಟರೆ ನಿಮ್ಮ ಹೆಸರಿನಲ್ಲಿ ಅವನ ಕೋಡು ನಡೆಯುತ್ತದೆ. ಸಮಯ ಮತ್ತು ಗಾತ್ರವನ್ನು ಹೊಂದಿಸುವುದು ಯಾರಿಗೂ ಕಷ್ಟವಲ್ಲ, ಹ್ಯಾಶನ್ನು ಹೊಂದಿಸುವುದೂ ಅಲ್ಲ. ಪ್ರತಿ ಬಳಕೆದಾರರಿಗೂ ಅವರು ಮಾತ್ರ ಬರೆಯಬಲ್ಲ ಪ್ರತ್ಯೇಕ ಫೋಲ್ಡರ್ ಕೊಡಿ.

ಆವೃತ್ತಿಗೊಂದು ಪರಿಸರ

ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ತನ್ನದೇ ಗ್ರಂಥಾಲಯಗಳಿರುವ ಪ್ರತ್ಯೇಕ ಪೈಥಾನ್ ಪರಿಸರ ಮಾಡಿ, 3.10ಕ್ಕೆ ಒಂದು, 3.12ಕ್ಕೆ ಒಂದು ಎಂದು ಎಲ್ಲವನ್ನೂ ಬೇರೆ ಬೇರೆ ಇಡುವುದು ಈಗಿನ ಸಾಮಾನ್ಯ ಸಲಹೆ. ಬರೀ ಪಿವೈಸಿಗಳನ್ನು ಬೇರ್ಪಡಿಸಲು ಇದು ಬೇಕಿಲ್ಲ, ಆ ಕೆಲಸವನ್ನು ಹೆಸರಿನ ಗುರುತೇ ಮಾಡುತ್ತದೆ. ಮೂಲ ಫೈಲುಗಳ ಪ್ರತಿಗಳು ಹೆಚ್ಚಾಗುತ್ತವೆ, ಒಂದನ್ನು ನವೀಕರಿಸಿ ಇನ್ನೊಂದನ್ನು ಬಿಡುವ ಸಾಧ್ಯತೆಯೂ ಹೆಚ್ಚುತ್ತದೆ.

ಇದು ನಿಜಕ್ಕೂ ಬೇಕಾಗುವುದು ಸಿ ಅಥವಾ ರಸ್ಟ್ ಭಾಷೆಯಲ್ಲಿ ಬರೆದ ಭಾಗಗಳಿರುವ ಗ್ರಂಥಾಲಯಗಳು ಬಂದಾಗ. ಮಳೆಯ ಅಂಕಿಗಳ ವಿಶ್ಲೇಷಣೆಗೆ ನಮ್‌ಪೈ, ಪಾಂಡಾಸ್ ಹಾಕಿದಿರಿ ಎಂದರೆ ಬೈಟ್‌ಕೋಡಿನ ಜೊತೆಗೆ ಯಂತ್ರಭಾಷೆಯ ಫೈಲುಗಳೂ ಬಂದವು. ಅವು ಪೈಥಾನ್ ಆವೃತ್ತಿಗೂ, ಕಾರ್ಯಾಚರಣ ವ್ಯವಸ್ಥೆಗೂ, ಪ್ರೊಸೆಸರಿಗೂ ಅಂಟಿಕೊಂಡಿರುತ್ತವೆ. 3149ನೇ ಪ್ರಸ್ತಾವದ ಪ್ರಕಾರ ಲಿನಕ್ಸಿನಲ್ಲಿ ಇವುಗಳ ಹೆಸರಿನಲ್ಲೂ 3.2ರಿಂದಲೇ ಆವೃತ್ತಿಯ ಗುರುತು ಇದೆ, ವಿಂಡೋಸಿನಲ್ಲಿ 3.5ರಿಂದ. ಹಾಗಾಗಿ ಒಂದೇ ಫೋಲ್ಡರಿನಲ್ಲಿ ಎರಡು ಆವೃತ್ತಿಯ ಯಂತ್ರಭಾಷೆ ಫೈಲುಗಳನ್ನು ಇಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಆದರೆ 3.8ಕ್ಕೆ ಸಿಗುವ ಪಾಂಡಾಸ್ ಬೇರೆ, 3.13ಕ್ಕೆ ಸಿಗುವ ಪಾಂಡಾಸ್ ಬೇರೆ. ಮೂಲ ಫೈಲುಗಳೇ ಬೇರೆಯಾದ ಮೇಲೆ ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ. ಇಲ್ಲಿ ಪ್ರತ್ಯೇಕ ಪರಿಸರವೇ ಸರಿ, ಡಿಸ್ಕಿನ ಚಿಂತೆ ಬಿಡಿ.

ಯಂತ್ರಭಾಷೆಯ ಭಾಗವನ್ನು ನೀವೇ ಬರೆಯುವುದಾದರೆ ‘ಎಬಿಐ3’ ಎಂಬ ಸ್ಥಿರ ಒಪ್ಪಂದವನ್ನು ಪಾಲಿಸಿ ನೋಡಿ. ಒಮ್ಮೆ ಕಂಪೈಲ್ ಮಾಡಿದ ಫೈಲು ಆಮೇಲಿನ 3ನೇ ಸರಣಿಯ ಸಾಮಾನ್ಯ ಸಿಪೈಥಾನ್ ಆವೃತ್ತಿಗಳಲ್ಲೂ ನಡೆಯುತ್ತದೆ. ಆದರೆ ಪ್ರತಿ ವ್ಯವಸ್ಥೆ ಮತ್ತು ಪ್ರೊಸೆಸರಿಗೆ ಬೇರೆ ಪ್ರತಿ ಬೇಕೇ ಬೇಕು.

ಮೂಲವಿಲ್ಲದೆ ಪಿವೈಸಿ ಮಾತ್ರ ಕೊಡುವುದು

ಇದನ್ನು ಆಯ್ಕೆಯೆಂದು ಹೇಳಲು ನನಗೆ ಮನಸ್ಸಿಲ್ಲ, ಆದರೂ ಕೇಳುವವರಿದ್ದಾರೆ. ಮೂಲ ಕೋಡನ್ನು ಗಿರಾಕಿ ನೋಡಬಾರದೆಂದು ಪಿವೈಸಿಗಳನ್ನು ಗುರುತಿಲ್ಲದ ಹಳೆಯ ಕ್ರಮದ ಹೆಸರಿನಲ್ಲಿ, ಮೂಲ ಇರಬೇಕಾದ ಜಾಗದಲ್ಲೇ ಇಟ್ಟು ಕೊಡುತ್ತಾರೆ. ಹಾಗೆ ಇಟ್ಟರೆ ಪೈಥಾನ್ ಒಪ್ಪುತ್ತದೆ. ಆದರೆ ಹೆಸರಿನಲ್ಲಿ ಗುರುತಿಲ್ಲದ ಕಾರಣ ಒಂದು ಫೋಲ್ಡರಿಗೆ ಒಂದೇ ಆವೃತ್ತಿ. ಗಿರಾಕಿ ಪೈಥಾನ್ ನವೀಕರಿಸಿದ ದಿನ ‘ಮ್ಯಾಜಿಕ್ ಸಂಖ್ಯೆ ಸರಿಯಿಲ್ಲ’ ಎಂಬ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಬೈಟ್‌ಕೋಡಿನಿಂದ ಮೂಲವನ್ನು ಬಹುಮಟ್ಟಿಗೆ ಮರಳಿ ಪಡೆಯುವ ಉಪಕರಣಗಳೂ ಇರುವುದರಿಂದ ಗುಟ್ಟೂ ಉಳಿಯುವುದಿಲ್ಲ. ಕೊಯ್ಲಿನ ನಡುವೆ ತೋಟದ ಲೆಕ್ಕ ನಿಂತರೆ ಅದನ್ನು ಅನುಭವಿಸುವವರು ಕೋಡು ಬರೆದವರಲ್ಲ.

ಜಾವಾ ಕಲಿತು ಬಂದವರಿಗೆ ಈ ಯೋಚನೆ ಸಹಜವಾಗಿ ಬರುತ್ತದೆ, ಏಕೆಂದರೆ ಅಲ್ಲಿ ಕಂಪೈಲ್ ಆದ ಕ್ಲಾಸ್ ಫೈಲನ್ನು ಕೊಡುವುದೇ ಪದ್ಧತಿ. ಜಾವಾ 8 ಬರೆದ ಕ್ಲಾಸ್ ಫೈಲಿನ ಸಂಖ್ಯೆ 52, ಜಾವಾ 17ರದ್ದು 61. ಹೊಸ ಜಾವಾ ಹಳೆಯ ಸಂಖ್ಯೆಯದನ್ನು ಓದುತ್ತದೆ. 2017ರ ಜಾವಾ 9ರಿಂದ ಒಂದೇ ಜಾರ್ ಫೈಲಿನೊಳಗೆ ಆವೃತ್ತಿಗೊಂದು ಒಳಫೋಲ್ಡರ್ ಮಾಡಿ ಹಲವು ಆವೃತ್ತಿಯ ಕ್ಲಾಸುಗಳನ್ನು ಇಡುವ ಸೌಲಭ್ಯವೂ ಇದೆ. ಪೈಥಾನ್‌ನಲ್ಲಿ ಹಿಂದಿನದನ್ನು ಓದುವ ಭರವಸೆಯೇ ಇಲ್ಲ. ಅಲ್ಲಿ ಬೈಟ್‌ಕೋಡ್ ಹಂಚುವ ಸರಕು, ಇಲ್ಲಿ ಬಿಸಾಡಬಹುದಾದ ಉಳಿಕೆ.

ಏನನ್ನೂ ಉಳಿಸದಿರುವ ಆಯ್ಕೆಯೂ ಇದೆ, ಇಂಗ್ಲಿಷಿನ ದೊಡ್ಡ ಅಕ್ಷರದ ‘ಬಿ’ ಎಂಬ ಸೂಚನೆ ಕೊಟ್ಟರೆ ಪೈಥಾನ್ ಪಿವೈಸಿ ಬರೆಯುವುದಿಲ್ಲ. ಒಮ್ಮೆ ನಡೆಸಿ ಬಿಡುವ ಪರೀಕ್ಷೆಗಳಿಗೆ ಇದು ಆಗಬಹುದು, ದಿನಬಳಕೆಗೆ ಅಲ್ಲ.

ಯಾರಿಗೆ ಯಾವುದು

ಸ್ವಂತ ಲ್ಯಾಪ್‌ಟಾಪಿನಲ್ಲಿ ಕೋಡು ಬರೆಯುವವರು ಪೈಥಾನ್ ತಾನಾಗಿ ಮಾಡುವುದನ್ನು ಹಾಗೇ ಬಿಡಿ. ತೋಟದ ಕಚೇರಿ, ಕ್ಯೂರಿಂಗ್ ಘಟಕದಂಥ ಕಡೆ ಬೇರೆಯವರ ಯಂತ್ರಕ್ಕೆ ಕೋಡು ಒಯ್ಯುವವರು ಅಲ್ಲಿರುವ ಪ್ರತಿ ಆವೃತ್ತಿಗೂ ಮೊದಲೇ ಕಂಪೈಲ್ ಮಾಡಿ, ಹ್ಯಾಶ್ ಪರಿಶೀಲಿಸುವ ಬಗೆಯನ್ನು ಆರಿಸಿ. ಲ್ಯಾಬ್ ನೋಡಿಕೊಳ್ಳುವವರು ಹಂಚಿಕೆಯ ಗ್ರಂಥಾಲಯವನ್ನು ಮೊದಲೇ ಕಂಪೈಲ್ ಮಾಡುವುದು ಮತ್ತು ವಿದ್ಯಾರ್ಥಿಗಳಿಗೆ ಪ್ರತ್ಯೇಕ ಮರ ಕೊಡುವುದು, ಇವೆರಡರಲ್ಲಿ ಒಂದನ್ನು ಆರಿಸಬೇಕು. ಹೋಂ ಫೋಲ್ಡರು ನೆಟ್‌ವರ್ಕಿನ ಮೇಲಿದ್ದರೆ ಪ್ರತ್ಯೇಕ ಮರ, ಇಲ್ಲದಿದ್ದರೆ ಮೊದಲಿನದು. ನಮ್‌ಪೈ, ಪಾಂಡಾಸ್ ಸೇರಿದ ಯೋಜನೆಗಳಿಗೆ ಆವೃತ್ತಿಗೊಂದು ಪರಿಸರ. ವಿಂಡೋಸ್ 7 ಮತ್ತು 3.8ರ ಯಂತ್ರವನ್ನು ಮಾತ್ರ ಇಂಟರ್ನೆಟ್ಟಿನಿಂದ ದೂರ ಇಡಿ; 3.8ರ ಬೆಂಬಲ 2024ರ ಅಕ್ಟೋಬರಿನಲ್ಲೇ ಮುಗಿದಿದೆ.

ಆರಿಸಿದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಸುಲಭ. ಪೈಥಾನ್‌ಗೆ ಇಂಗ್ಲಿಷಿನ ಸಣ್ಣ ಅಕ್ಷರದ ‘ವಿ’ ಸೂಚನೆ ಕೊಟ್ಟು ಪ್ರೋಗ್ರಾಂ ನಡೆಸಿ. ಪರದೆಯ ಮೇಲೆ ಹರಿಯುವ ಸಾಲುಗಳಲ್ಲಿ ಪ್ರತಿ ಮಾಡ್ಯೂಲಿಗೂ ಯಾವ ಪಿವೈಸಿ ಮೂಲಕ್ಕೆ ತಾಳೆಯಾಯಿತು, ಯಾವುದನ್ನು ಹೊಸದಾಗಿ ಬರೆಯಿತು ಎಂಬುದು ಕಾಣುತ್ತದೆ. ಎರಡನೆಯ ಸಲ ನಡೆಸಿದಾಗಲೂ ತಾಳೆಯ ಸಾಲು ಬಾರದಿದ್ದರೆ ಮೊದಲು ಫೋಲ್ಡರಿನ ಬರೆಯುವ ಅಧಿಕಾರವನ್ನು, ಆಮೇಲೆ ಫೈಲುಗಳ ಸಮಯವನ್ನು ನೋಡಿ. ಪರೀಕ್ಷೆಯನ್ನು ನಿಮ್ಮ ನಿರ್ವಾಹಕ ಖಾತೆಯಿಂದ ಮಾಡಬೇಡಿ. ದಿನವೂ ಆ ಯಂತ್ರದ ಮುಂದೆ ಕೂರುವ ರೈಟರ್ ಅಥವಾ ವಿದ್ಯಾರ್ಥಿಯ ಖಾತೆಯಿಂದಲೇ ಮಾಡಿ.